ಅಮ್ಮನ ಲೈನಿಂಗ್ ಬಟ್ಟೆ, ಜಪಾನಿನ ಜೀನ್ಸು ಮತ್ತು ನನ್ನ ಸೊಂಟ

ತುಂಬಾ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತಿದು. ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಜಗಳ ಯಾರ ಮೇಲೆ ಅಂದ್ರೆ, "ರಾ ಡೆನಿಮ್ ತಗೊಳ್ಳುವಾಗ ನಿಮ್ಮ ಸೈಜಿಗಿಂತ ಎರಡು ಸೈಜು ಚಿಕ್ಕದು ತಗೊಳ್ಳಿ, ಒಂದು ತಿಂಗಳು ಕಷ್ಟಪಡಿ, ಆಮೇಲೆ ಹಿಗ್ಗಿ ನಿಮ್ಮ ಚರ್ಮದ ಹಾಗೇ ಆಗುತ್ತೆ" ಅಂತ ಉಪದೇಶ ಕೊಡೋ ಪಂಡಿತರ ಮೇಲೆ. ಆ ಉಪದೇಶ ಪಾಲಿಸಿದವನು ನಾನು. ಆದ್ದರಿಂದ ಬಯ್ಯೋ ಹಕ್ಕು ನನಗಿದೆ :-)

ಗೊತ್ತಿಲ್ಲದವರಿಗೆ ಎರಡು ಮಾತು. ರಾ ಡೆನಿಮ್ ಅಂದ್ರೆ ಹೊಲಿದ ಮೇಲೆ ಒಗೆಯದೆ, ಕಲ್ಲು-ಗಿಲ್ಲು ಹಾಕಿ ತಿಕ್ಕದೆ, ಹಾಗೇ ಮಾರೋ ಜೀನ್ಸ್. ಗಂಜಿ ಹಾಕಿದ ಪಂಚೆಯ ಹಾಗೆ ನೆಟ್ಟಗೆ ನಿಲ್ಲುತ್ತೆ. ಇದರ ಹುಚ್ಚಿಗೆ ರಾಜಧಾನಿ ಜಪಾನ್. ಕುರಾಬೊ ಮಿಲ್ಲು 1973ರಲ್ಲಿ ಕೆಡಿ-8 ಅನ್ನೋ ಡೆನಿಮ್ ನೇಯ್ದಾಗಿನಿಂದ ಅವರದ್ದೇ ಬಟ್ಟೆ ಶುರುವಾಯ್ತು. ಆಮೇಲೆ ಸ್ಟುಡಿಯೋ ದಾರ್ಟಿಸಾನ್ (1979), ಫುಲ್ ಕೌಂಟ್ (1992), ವೇರ್‌ಹೌಸ್ (1995) ಅಂತ ಒಸಾಕಾದ ಮಂದಿ ಹಳೇ ಅಮೆರಿಕನ್ ಜೀನ್ಸನ್ನು ಅಮೆರಿಕದವರಿಗಿಂತ ಶ್ರದ್ಧೆಯಿಂದ ಮಾಡೋಕೆ ನಿಂತರು.

ಪ್ರಾಜೆಕ್ಟ್ ಮೇಲೆ ಮೂರು ತಿಂಗಳು ಒಸಾಕಾದಲ್ಲಿದ್ದೆ. ಒಂದು ಶನಿವಾರ ರೈಲು ಹತ್ತಿ ಒಕಾಯಾಮಾಗೆ ಹೋಗಿ, ಅಲ್ಲಿಂದ ಇನ್ನೊಂದು ರೈಲಲ್ಲಿ ಕೊಜಿಮಾ ಅನ್ನೋ ಊರಿಗೆ ಹೋದೆ. ಜೀನ್ಸಿಗೂ ಮೊದಲು ಶಾಲೆ ಯೂನಿಫಾರ್ಮ್ ಹೊಲಿದು ಹೆಸರಾಗಿದ್ದ ಊರು. ಈಗ ಜೀನ್ಸ್ ಬೀದಿ ಅಂತಲೇ ಒಂದಿದೆ, ತಲೆಯ ಮೇಲೆ ತೋರಣದ ಹಾಗೆ ಜೀನ್ಸ್ ನೇತುಹಾಕಿದ್ದಾರೆ.

ಅಂಗಡಿಯ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಟೇಪು ಹಿಡಿದು, 34 ತಂದುಕೊಟ್ಟರು. ನಾನು 32 ಬೇಕು ಅಂದೆ. ಅವರು "ಚೊತ್ತೊ..." ಅಂತ ಎಳೆದರು. ಜಪಾನಿನಲ್ಲಿ ಯಾರಾದ್ರೂ "ಚೊತ್ತೊ..." ಅಂತ ಎಳೆದರೆ "ಬೇಡ ಮಾರಾಯ" ಅಂತ ಅರ್ಥ. ಅದು ಗೊತ್ತಿದ್ದೂ 25 ಸಾವಿರ ಯೆನ್ ಕೊಟ್ಟು 32 ಹೊತ್ತುಕೊಂಡು ಬಂದೆ.

ಬೆಂಗಳೂರಿಗೆ ಬಂದವನೇ ನಮ್ಮ ರಸ್ತೆಯ ಟೈಲರ್ ಹತ್ತಿರ ಕಾಲಿನ ಉದ್ದ 29 ಇಂಚಿಗೆ ಕತ್ತರಿಸಿದೆ. ಆಮೇಲೆ ಬಿಸಿನೀರಿನ ಬಕೆಟ್ಟಿನಲ್ಲಿ ನೆನೆಸಿದೆ. ಒಣಗಿದ ಮೇಲೆ ಅಳೆದರೆ ಕಾಲು 27 ಇಂಚು, 84 ಸೆಂ.ಮೀ. ಇದ್ದ ಸೊಂಟ 79! ಪ್ರವಾಹ ನೋಡೋಕೆ ಹೊರಟವನ ಹಾಗೆ ಪಾದದ ಮೇಲೆ ನಿಂತಿತ್ತು ಪ್ಯಾಂಟು. ಮಂಚದ ಮೇಲೆ ಮಲಗಿ ಉಸಿರು ಬಿಗಿಹಿಡಿದು ಗುಂಡಿ ಹಾಕಿದೆ. ಹಿಗ್ಗುತ್ತೆ ಹಿಗ್ಗುತ್ತೆ ಅಂತ ದಿನಾ ಹತ್ತು ಗಂಟೆ ಅದರಲ್ಲೇ ಕೂತು ಕೋಡ್ ಬರೆದೆ. ಮೂರನೇ ವಾರ ಬಲತೊಡೆಯ ಹೊರಭಾಗ ಜೋಮು ಹಿಡಿಯಿತು. ಮುಟ್ಟಿದರೆ ಗೊತ್ತಾಗಲ್ಲ, ಸುಮ್ಮನಿದ್ದರೆ ಉರಿ. ಸ್ಲಿಪ್ ಡಿಸ್ಕೇ ಇರಬೇಕು ಅಂತ ಹೆದರಿ ಡಾಕ್ಟರ ಹತ್ತಿರ ಓಡಿದರೆ ಅವರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ದಿನದಿಂದ ಈ ಪ್ಯಾಂಟ್ ಹಾಕ್ತಿದೀರಿ?" ಸೊಂಟದ ಹತ್ತಿರ ತೊಡೆಗೆ ಹೋಗೋ ನರ ಒತ್ತಿಹೋದರೆ ಹೀಗಾಗುತ್ತಂತೆ, ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಅಂತ ಹೆಸರು. ಔಷಧಿ? ಸಡಿಲ ಬಟ್ಟೆ! ಜೋಮು ಪೂರ್ತಿ ಬಿಡೋಕೆ ಎರಡು ತಿಂಗಳು ಬೇಕಾಯ್ತು.

ಈಗ ಜಗಳಕ್ಕೆ ಬರೋಣ.

ಈ "ಎರಡು ಸೈಜು ಚಿಕ್ಕದು" ಪೂರ್ತಿ ಸುಳ್ಳೇನಲ್ಲ. ಅದೇ ತೊಂದರೆ. 2000ರ ದಶಕದಲ್ಲಿ ಎ.ಪಿ.ಸಿ. ಅನ್ನೋ ಫ್ರೆಂಚ್ ಕಂಪನಿಯ ರಾ ಜೀನ್ಸ್ ತುಂಬಾ ಓಡಿತ್ತು. ಅದರ ಚೀಟಿಯ ನಂಬರಿಗಿಂತ ಪ್ಯಾಂಟು ದೊಡ್ಡದಿರುತ್ತಿತ್ತು, ಬಟ್ಟೆ ಸ್ಯಾನ್‌ಫರೈಸ್ ಆಗಿದ್ದದ್ದು. ಅಲ್ಲಿ ಆ ಸಲಹೆ ಸರಿ. ಸ್ಯಾನ್‌ಫರೈಸ್ ಅಂದ್ರೆ ಸ್ಯಾನ್‌ಫರ್ಡ್ ಕ್ಲುಯೆಟ್ ಅನ್ನೋ ಅಮೆರಿಕದವನು 1930ರ ಸುಮಾರಿಗೆ ತಂದ ವಿಧಾನ. ಹಬೆ ಮತ್ತು ಒತ್ತಡ ಕೊಟ್ಟು ಬಟ್ಟೆ ಕುಗ್ಗೋದನ್ನು ಮಿಲ್ಲಿನಲ್ಲೇ ಮುಗಿಸಿಬಿಡೋದು. ಅಂಥ ಬಟ್ಟೆ ಒಗೆದರೆ ಸಾಮಾನ್ಯವಾಗಿ ಶೇ. 1-3 ಕುಗ್ಗುತ್ತೆ ಅಷ್ಟೆ, ಹಾಕಿಕೊಂಡರೆ ಹಿಗ್ಗುತ್ತೆ. ಆದರೆ ಹಳೇ ಶೈಲಿಯ ಜಪಾನೀ ಜೀನ್ಸ್ ಎಷ್ಟೋ ಮಗ್ಗದಿಂದ ಇಳಿದ ಹಾಗೇ ಇರೋ ಬಟ್ಟೆಯದು. ಅದಕ್ಕೆ ಅವರು "ಕಿಬಾತಾ" ಅಂತಾರೆ. ಅದು ಶೇ. 7-10ರವರೆಗೂ ಕುಗ್ಗಬಹುದು. ಒಂದಕ್ಕೆ ಹೇಳಿದ ಸಲಹೆ ಇನ್ನೊಂದಕ್ಕೆ ಅಂಟಿಸಿದ್ದು, ಯಾವ ವರ್ಷನ್ ಅಂತ ನೋಡದೆ ಯಾರದೋ ಕೋಡ್ ಕಾಪಿ-ಪೇಸ್ಟ್ ಮಾಡಿದ ಹಾಗೆ. ಬಿಲ್ಡ್ ಒಡೆದರೆ ಸರಿಮಾಡಬಹುದು. ಕತ್ತರಿಸಿದ ಪ್ಯಾಂಟಿಗೆ ಅನ್‌ಡೂ ಇಲ್ಲ.

ಹಿಗ್ಗೋದಾದರೂ ಎಲ್ಲಿ? ದೇಹ ಎಳೆಯೋ ಕಡೆ ಮಾತ್ರ. ಸೊಂಟದಲ್ಲಿ ಒಂದೆರಡು ಸೆಂ.ಮೀ., ಮಂಡಿಯಲ್ಲಿ ಸ್ವಲ್ಪ. ಹಾಸಿನ ದಿಕ್ಕಿನಲ್ಲಿ, ಅಂದ್ರೆ ಉದ್ದುದ್ದಕ್ಕೆ ಕುಗ್ಗಿದ್ದು ಕುಗ್ಗಿದ್ದೇ. ಕಾಲಿನ ಉದ್ದ ವಾಪಸ್ ಬರಲ್ಲ, ಕಾಲು ಕೂಡುವ ಜಾಗದಿಂದ ಸೊಂಟಪಟ್ಟಿವರೆಗಿನ ಅಳತೆಯೂ ಬರಲ್ಲ. ನನ್ನದು 79ರಿಂದ 81ಕ್ಕೆ ಬಂದು ನಿಂತಿತು. ನನಗೆ ಬೇಕಾದದ್ದು 86. ಆ ಹಿರಿಯರು ಕೊಟ್ಟ 34ರ ಸೊಂಟ 89 ಇತ್ತು. ಅಷ್ಟೇ ಕುಗ್ಗಿ, ಅಷ್ಟೇ ಹಿಗ್ಗಿದ್ದರೆ 86! ಅವರು ಲೆಕ್ಕ ಹಾಕಿಯೇ ಕೊಟ್ಟಿದ್ದರು.

ಇನ್ನು "ಬಿಗಿ ಇದ್ದರೇ ಗೆರೆ ಚೆನ್ನಾಗಿ ಬೀಳೋದು" ಅನ್ನೋರು. ತೊಡೆಯ ಮೇಲೆ ಬೀಳೋ ಬಿಳಿ ಗೆರೆಗಳಿಗೆ ಜಪಾನಿನಲ್ಲಿ "ಹಿಗೆ" ಅಂತಾರೆ, ಮೀಸೆ ಅಂತ ಅರ್ಥ. ಒಪ್ಪಿದೆ, ಬಿಗಿ ಇದ್ದರೆ ಮೀಸೆ ಚೂಪಾಗಿ ಬರುತ್ತೆ. ಜೊತೆಗೆ ಕಾಲು ಕೂಡುವ ಜಾಗದಲ್ಲಿ ಬಟ್ಟೆ ಬೇಗ ಹರಿಯುತ್ತೆ. ಅಷ್ಟಕ್ಕೂ ಈ ಜೀನ್ಸುಗಳು ಯಾವುದರ ನಕಲು? ಬಗ್ಗಿ, ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡೋರ ಪ್ಯಾಂಟು. ತೊಡೆ ಅಗಲ, ಸೊಂಟ ಎತ್ತರ ಬೇಕಂತಲೇ ಇಟ್ಟಿದ್ದು. ಅದನ್ನು ಎರಡು ಸೈಜು ಇಳಿಸಿ ಹಾಕೋದು ಹೊಲಿದವನಿಗೇ ಮಾಡೋ ಅವಮಾನ.

ನಿಜ ಹೇಳಬೇಕಂದ್ರೆ ಇದೆಲ್ಲಾ ಓದಿದರೆ ನನಗೂ ಅವತ್ತೇ ಗೊತ್ತಾಗ್ತಿತ್ತು. ನಾನು 32 ತಗೊಂಡಿದ್ದು ಪಂಡಿತರನ್ನು ನಂಬಿ ಅಲ್ಲ. 34 ಅನ್ನೋ ನಂಬರ್ ನೋಡಿ ಹೊಟ್ಟೆ ಉರಿದು. ಕಾಲೇಜಿನಲ್ಲಿ 30 ಇದ್ದೆ. ಐದು ವರ್ಷದ ಕುರ್ಚಿ ಕೆಲಸ, ಕ್ಯಾಂಟೀನ್ ಊಟ, ರಾತ್ರಿ ಕಾಲ್‌ಗಳು ನನ್ನನ್ನು 34ಕ್ಕೆ ತಂದಿವೆ ಅಂತ ಒಪ್ಪೋಕೆ ಆಗಲಿಲ್ಲ. ಚೀಟಿಯ ನಂಬರನ್ನು ಮಾರ್ಕ್ಸ್ ಕಾರ್ಡಿನ ಹಾಗೆ ನೋಡ್ತೀವಲ್ಲ, ಈ ಉಪದೇಶ ಓಡೋದೇ ಅದರಿಂದ. "ಕಷ್ಟಪಡಿ" ಅಂದಾಗ ಒಳಗೊಳಗೇ ಖುಷಿ. ದಪ್ಪ ಆಗಿದ್ದಕ್ಕೆ ಶಿಕ್ಷೆಯೂ ಆಯ್ತು, ಸಣ್ಣ ನಂಬರೂ ಸಿಕ್ಕಿತು! ಬಟ್ಟೆ ಇರೋದು ದೇಹಕ್ಕೆ ಕಣ್ರೀ, ದೇಹ ಬಟ್ಟೆಗಲ್ಲ.

ಹಾಗಾದರೆ ತಗೊಳ್ಳೋದು ಹೇಗೆ? ನಿಮಗೆ ಚೆನ್ನಾಗಿ ಒಪ್ಪೋ ಒಂದು ಪ್ಯಾಂಟನ್ನು ನೆಲದ ಮೇಲೆ ಹಾಸಿ ಸೆಂ.ಮೀ.ನಲ್ಲಿ ಅಳೆಯಿರಿ. ಜಪಾನೀ ಅಳತೆಪಟ್ಟಿಯಲ್ಲಿ ಸೊಂಟದ ಜೊತೆ ಮತಗಾಮಿ (ಕಾಲು ಕೂಡುವಲ್ಲಿಂದ ಸೊಂಟಪಟ್ಟಿವರೆಗೆ), ವತಾರಿ (ತೊಡೆ ಅಗಲ), ಮತಶಿತಾ (ಒಳಗಾಲಿನ ಉದ್ದ), ಸುಸೊಹಾಬಾ (ಕೆಳಗಿನ ಅಗಲ) ಇರುತ್ತವೆ. ಅದರೊಡನೆ ಹೋಲಿಸಿ. ಚೀಟಿಯ ನಂಬರ್ ಮರೆತುಬಿಡಿ. ಎರಡು ಪ್ರಶ್ನೆ ಕೇಳಿ: ಸ್ಯಾನ್‌ಫರೈಸ್ ಆಗಿದೆಯಾ? ಪಟ್ಟಿಯ ಅಳತೆ ಒಗೆಯೋ ಮೊದಲಿನದಾ, ಒಗೆದ ಮೇಲಿನದಾ? "ಒನ್ ವಾಶ್" ಅಂತ ಇದ್ದರೆ ಬಹುಪಾಲು ಕುಗ್ಗಿ ಆಗಿರುತ್ತೆ, ಮೊದಲ ಸಲದವರಿಗೆ ಅದೇ ಕ್ಷೇಮ. ಇಲ್ಲದಿದ್ದರೆ ಮೊದಲು ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಿ.

ಊರಿಗೆ ಹೋದಾಗ ಆ ಪ್ಯಾಂಟನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಅಂಚು ಮುಟ್ಟಿ ನೋಡಿ ಕೇಳಿದ್ದು ಒಂದೇ ಮಾತು: "ನೆನೆಸದೆ ಕತ್ತರಿಸಿದ್ಯೇನೋ?"

ರವಿಕೆಯ ಲೈನಿಂಗ್ ಬಟ್ಟೆಯನ್ನು ರಾತ್ರಿ ನೆನೆಹಾಕಿ, ಒಣಗಿಸಿಯೇ ಟೈಲರಿಗೆ ಕೊಡೋ ಹೆಂಗಸು ಅವಳು. ನನ್ನ ಯೂನಿಫಾರ್ಮ್ ಹೊಲಿಸುವಾಗ "ಎರಡಿಂಚು ಒಳಗೆ ಮಡಚಿಡಿ, ಬೆಳೆಯೋ ಹುಡುಗ" ಅಂತ ಹೇಳ್ತಿದ್ದವಳು. ಬಿ.ಇ. ಮಾಡಿ ಜಪಾನ್ ತನಕ ಹೋಗಿ ಬಂದವನಿಗೆ ಅಷ್ಟು ಹೊಳೆಯಲಿಲ್ಲ.

ಆ ಜೀನ್ಸ್ ಈಗ ನನ್ನ ತಮ್ಮನ ಹತ್ತಿರ ಇದೆ. ನನಗಿಂತ ಗಿಡ್ಡ, ಸಣಕಲ. ಅಳತೆ ಮಾಡಿಸಿದ ಹಾಗೆ ಕೂತಿದೆ, ಕಳ್ಳನಿಗೆ! ಮೀಸೆ ಗೆರೆಗಳೂ ಚೆನ್ನಾಗಿ ಬೀಳ್ತಿವೆ.

ನಿಮ್ಮಲ್ಲಿ ಯಾರಾದ್ರೂ "ಇಲ್ಲ, ಎರಡು ಸೈಜು ಚಿಕ್ಕದೇ ಸರಿ" ಅನ್ನೋರಿದ್ದರೆ ಬನ್ನಿ, ಜಗಳಕ್ಕೆ ನಾನು ರೆಡಿ. ಆದರೆ ಟೇಪು ತನ್ನಿ.