ಬರೀ ಚೆಲುವೆಯೂ ಅಲ್ಲ, ವೈ-ಫೈ ಕಂಡುಹಿಡಿದವರೂ ಅಲ್ಲ

ಮಕ್ಕಳೇ, ಹೆಡಿ ಲಮಾರ್ ಎಂಬ ಹೆಸರು ಕೇಳಿದ್ದೀರಾ? 1914ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಹುಟ್ಟಿ, ಅಮೆರಿಕದ ಹಾಲಿವುಡ್‌ನಲ್ಲಿ ಹೆಸರಾದ ನಟಿ ಅವರು. ಪತ್ರಿಕೆಗಳು ಅವರ ಚೆಲುವನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು. ಅವರ ತಲೆಯೊಳಗೆ ಏನಿದೆ ಎಂದು ಕೇಳಿದವರು ಕಡಿಮೆ.

ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ನೀರಿನೊಳಗೆ ಸಾಗಿ ಹಡಗನ್ನು ಒಡೆಯುವ ಆಯುಧವೇ ಟಾರ್ಪೆಡೊ. ಅದಕ್ಕೆ ರೇಡಿಯೊ ಅಲೆಗಳ ಮೂಲಕ ದಾರಿ ತೋರಿಸಬಹುದು. ಆದರೆ ಒಂದು ತೊಡಕು. ಆ ಅಲೆಯ ಆವೃತ್ತಿ ಯಾವುದೆಂದು ಶತ್ರುವಿಗೆ ತಿಳಿದರೆ, ಅದೇ ಆವೃತ್ತಿಯಲ್ಲಿ ಗದ್ದಲ ಎಬ್ಬಿಸುತ್ತಾನೆ. ಟಾರ್ಪೆಡೊ ದಾರಿ ತಪ್ಪುತ್ತದೆ.

ಹೆಡಿ ಯೋಚಿಸಿದರು: ಒಂದೇ ಆವೃತ್ತಿಯಲ್ಲಿ ಯಾಕೆ ನಿಲ್ಲಬೇಕು? ಕುಂಟೆಬಿಲ್ಲೆಯಲ್ಲಿ ಮನೆಯಿಂದ ಮನೆಗೆ ನೆಗೆಯುವಂತೆ ಆವೃತ್ತಿಯಿಂದ ಆವೃತ್ತಿಗೆ ನೆಗೆಯುತ್ತಿದ್ದರೆ? ಸರಿ, ಆದರೆ ಹಡಗು ಮತ್ತು ಟಾರ್ಪೆಡೊ ಎರಡೂ ಒಟ್ಟಿಗೇ ನೆಗೆಯಬೇಕಲ್ಲ! ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆಗೂಡಿದರು. ತೂತು ಕೊರೆದ ಕಾಗದದ ಸುರುಳಿಯಿಂದ ತಾನಾಗಿ ನುಡಿಯುವ ಪಿಯಾನೊಗಳನ್ನು ಅವರು ಬಲ್ಲವರು. ಅಂಥದೇ ಒಂದು ಸುರುಳಿ ಹಡಗಿನಲ್ಲಿ, ಅದೇ ತೂತುಗಳ ಇನ್ನೊಂದು ಟಾರ್ಪೆಡೊದಲ್ಲಿ. ಎರಡೂ ಒಂದೇ ವೇಗದಲ್ಲಿ ಸುತ್ತಿದರೆ ಆಯಿತು. ಪಿಯಾನೊಗೆ 88 ಮನೆ, ಇವರ ಯೋಜನೆಗೂ 88 ಆವೃತ್ತಿ!

1942ರ ಆಗಸ್ಟ್ 11ರಂದು ಪೇಟೆಂಟ್ ಸಿಕ್ಕಿತು. ಅಮೆರಿಕದ ನೌಕಾಪಡೆ ಯುದ್ಧದಲ್ಲಿ ಅದನ್ನು ಬಳಸಲಿಲ್ಲ. ಸರ್ಕಾರಕ್ಕೆ ಹಣ ಕೂಡಿಸುವ ಯುದ್ಧ ಬಾಂಡ್‌ಗಳನ್ನು ಹೆಡಿ ಮಾರಿದರು. ಚಪ್ಪಾಳೆ ಬಿದ್ದದ್ದು ಅದಕ್ಕೆ. 1959ರಲ್ಲಿ ಪೇಟೆಂಟ್ ಅವಧಿಯೂ ಮುಗಿಯಿತು.

ಈಗ ಕೆಲವರು ಇನ್ನೊಂದು ತುದಿಗೆ ಹೋಗಿದ್ದಾರೆ. ವೈ-ಫೈ, ಮೊಬೈಲ್ ಎಲ್ಲವನ್ನೂ ಹೆಡಿಯೇ ಕಂಡುಹಿಡಿದರು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆವೃತ್ತಿ ಬದಲಿಸುವ ಯೋಚನೆ ಅವರಿಗಿಂತ ಮೊದಲೇ ಬೇರೆಯವರಿಗೂ ಬಂದಿತ್ತು. ಇಂದಿನ ವೈ-ಫೈ ನಡೆಯುವುದು ಬೇರೆ ವಿಧಾನಗಳಿಂದ. ನೆಗೆಯುವ ಉಪಾಯ ಬ್ಲೂಟೂತ್‌ನಲ್ಲಿದೆ, ನಿಜ. ಅದು ಸೆಕೆಂಡಿಗೆ 1600 ಸಲದವರೆಗೂ ನೆಗೆಯುತ್ತದೆ. ಆದರೆ ಅದನ್ನು ರೂಪಿಸಿದವರು ಬೇರೆ ಎಂಜಿನಿಯರುಗಳು. ಹೆಡಿ ಮತ್ತು ಜಾರ್ಜ್ ಮಾಡಿದ್ದು ಆ ಸುರುಳಿಗಳ ಜೋಡಣೆ. ಅಷ್ಟೇ ಸಾಲದೇ? ಚೆಲುವೆ ಎಂದಷ್ಟೇ ಹೇಳಿದವರೂ ಆ ಸುರುಳಿಯನ್ನು ನೋಡಲಿಲ್ಲ, ಎಲ್ಲವೂ ಅವರದೇ ಎನ್ನುವವರೂ ನೋಡುತ್ತಿಲ್ಲ.

1997ರಲ್ಲಿ, 82ರ ವಯಸ್ಸಿನಲ್ಲಿ, ಅವರಿಗೂ ಆಂಥೈಲ್‌ಗೂ ಈ ಕೆಲಸಕ್ಕಾಗಿ ಒಂದು ಪ್ರಶಸ್ತಿ ಬಂತು. ಆಂಥೈಲ್ ಆಗ ಬದುಕಿರಲಿಲ್ಲ. ಹೆಡಿ 2000ದಲ್ಲಿ ತೀರಿಕೊಂಡರು. ಅಂದಹಾಗೆ, ಪೇಟೆಂಟ್ ಕಾಗದದಲ್ಲಿ ಹೆಡಿ ಲಮಾರ್ ಎಂಬ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಹೆಡಿ ಕೀಸ್ಲರ್ ಮಾರ್ಕಿ: ತವರಿನ ಹೆಸರು, ಜೊತೆಗೆ ಆಗಿನ ಗಂಡನ ಹೆಸರು.