ಇಲಾಖೆಗಳ ಸ್ನೇಹ

ಮಕ್ಕಳು ಶಾಲೆ ತಪ್ಪಿಸದಂತೆ ನೋಡಿಕೊಳ್ಳುವುದು ಶಿಕ್ಷಣ ಇಲಾಖೆಯೊಂದರಿಂದಲೇ ಆಗತಕ್ಕ ಕೆಲಸವಲ್ಲ. ಕಾರ್ಮಿಕ ಇಲಾಖೆ, ಮಹಿಳಾ ಮತ್ತು ಮಕ್ಕಳ ಇಲಾಖೆ, ಪಂಚಾಯತಿ, ಪೊಲೀಸು ಇವೆಲ್ಲ ಕೈಜೋಡಿಸಬೇಕು ಎಂದು ನಮ್ಮ ಸರಕಾರದವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಮಾತು ಒಪ್ಪತಕ್ಕದ್ದೇ. ಅದಕ್ಕೆ ಅವರು ಇಟ್ಟಿರುವ ಹೆಸರು ಸಮನ್ವಯ. ದರ್ಶನಗ್ರಂಥಗಳಲ್ಲಿ ಬಹು ದೊಡ್ಡ ಅರ್ಥವುಳ್ಳ ಈ ಶಬ್ದ ಕಚೇರಿಯ ಹೊಸ್ತಿಲು ದಾಟಿದೊಡನೆ ಒಂದು ಸಭೆ, ಒಂದು ಲೋಟ ಚಹ, ನಾಲ್ಕು ಪುಟದ ನಡವಳಿ ಎಂಬಷ್ಟಕ್ಕೆ ಇಳಿದುಬಿಡುವುದು ಕನ್ನಡದ ಮೇಷ್ಟರಾದ ನನ್ನಂಥವರ ಸಂಕಟ. ಅದು ಹೋಗಲಿ. ನನ್ನ ತಕರಾರು ಬೇರೆ. ಇಲಾಖೆಗಳು ಒಂದುಗೂಡುವುದೇ ಇಲ್ಲವೆಂದಲ್ಲ. ಶಾಲೆಯಿಂದ ಏನನ್ನಾದರೂ ಎತ್ತಿಕೊಂಡು ಹೋಗಬೇಕಾದಾಗ ಅವು ಬಲು ಸೊಗಸಾಗಿ ಒಂದುಗೂಡುತ್ತವೆ. ಶಾಲೆಗೆ ಒಂದು ಮಗುವನ್ನು ತಂದು ಕೂಡಿಸಬೇಕಾದಾಗ ಮಾತ್ರ ಪ್ರತಿಯೊಂದಕ್ಕೂ ತನ್ನ ತನ್ನ ಕೆಲಸ ನೆನಪಾಗುತ್ತದೆ.

2025ರ ದಸರೆಯನ್ನು ನೆನೆಯಿರಿ. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗಾಗಿ ಮೇಷ್ಟರುಗಳು ಮನೆಮನೆ ತಿರುಗಿದರು. ಕೆಲಸ ಮುಗಿಯಲಿಲ್ಲ, ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಬೆಳೆಸಲಾಯಿತು. ಸಮೀಕ್ಷೆ ಬೇಡವಾಗಿತ್ತೆಂದು ನಾನು ವಾದಿಸುತ್ತಿಲ್ಲ. ಆದರೆ 2009ರ ಶಿಕ್ಷಣ ಹಕ್ಕಿನ ಕಾಯಿದೆಯ 27ನೆಯ ಪ್ರಕರಣ ಮೇಷ್ಟರನ್ನು ಪಾಠದಿಂದ ಬಿಡಿಸಿ ಒಯ್ಯಲು ಮೂರೇ ಕಾರಣಗಳನ್ನು ಒಪ್ಪಿದೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ. ನಾಲ್ಕನೆಯದಕ್ಕೆ ಅಲ್ಲಿ ಜಾಗವಿಲ್ಲ. ಮಗು ಏಳು ದಿನ ಬಾರದಿದ್ದರೆ ಮನೆಗೆ ವಿಚಾರಣೆ. ಶಾಲೆಯೇ ಹತ್ತು ದಿನ ಬಾರದಿದ್ದರೆ ಯಾರನ್ನು ವಿಚಾರಿಸುವುದು?

ಏಳು ದಿನದ ಮಾತು ಬಂತು. 2013ರಲ್ಲಿ ಪತ್ರಿಕಾ ವರದಿಯೊಂದನ್ನು ಕಂಡು ನಮ್ಮ ಹೈಕೋರ್ಟು ಶಾಲೆಯ ಹೊರಗುಳಿದ ಮಕ್ಕಳ ವಿಚಾರವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದರ ತರುವಾಯ, ಅರುವತ್ತು ದಿನ ಬಾರದ ಮಗುವನ್ನು ಶಾಲೆ ಬಿಟ್ಟ ಮಗುವೆಂದು ಎಣಿಸುತ್ತಿದ್ದ ಪದ್ಧತಿ ಏಳು ದಿನಕ್ಕಿಳಿಯಿತು. ಒಳ್ಳೆಯ ಸುಧಾರಣೆ. ಆದರೆ ಎಣಿಸುವವರು ಯಾರು? ಮೇಷ್ಟರು. ಹುಡುಕಿಕೊಂಡು ಹೋಗುವವರು? ಅವರೇ. ಹಾಜರಿಯನ್ನು ನೋಡಿಕೊಳ್ಳುವ, ವಲಸೆಯ ಸಂಸಾರಗಳ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆ ಸ್ಥಳೀಯ ಸಂಸ್ಥೆಯದೆಂದು ಅದೇ ಕಾಯಿದೆಯ 9ನೆಯ ಪ್ರಕರಣ ಬಿಡಿಸಿ ಹೇಳಿದೆ. ಹೇಳಿ ಸುಮ್ಮನಿದೆ.

ಒಂದು ನಿದರ್ಶನ ಸಾಕು. ವಿಜಯಪುರ, ಕಲಬುರಗಿಗಳ ತಾಂಡಾಗಳಿಂದ ವರ್ಷವರ್ಷವೂ ಕಬ್ಬು ಕಡಿಯಲು ಸಂಸಾರಗಳು ಬೆಳಗಾವಿ, ಬಾಗಲಕೋಟೆಗಳ ಕಡೆಗೆ, ಮಹಾರಾಷ್ಟ್ರಕ್ಕೆ ಹೊರಡುತ್ತವೆ. ಮುಕಾದಮನಿಂದ ಮುಂಗಡ ಪಡೆದಾಗಿರುತ್ತದೆ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ, ಅಂದರೆ ಒಂದು ಕತ್ತಿ, ಎಂದು ಲೆಕ್ಕ. ತಾಯಿ ಹೊಲಕ್ಕಿಳಿದಳೆಂದರೆ ಕೂಸನ್ನು ನೋಡುವವರು ಯಾರು? ಐದನೆಯ ಇಯತ್ತೆಯ ಅಕ್ಕ. ಇನ್ನು, ಕಬ್ಬು ನುರಿಸುವ ಹಂಗಾಮು ಎಂದು ಆರಂಭವಾಗತಕ್ಕದ್ದೆಂದು ಗೊತ್ತುಮಾಡುವವರು ಸರಕಾರದವರೇ. ಆ ದಿನಾಂಕ ಸಕ್ಕರೆಯ ಕಚೇರಿಗೆ ಗೊತ್ತು, ಕಾರ್ಖಾನೆಗೆ ಗೊತ್ತು, ಮುಕಾದಮನಿಗೆ ಗೊತ್ತು. ಹಾಜರಿ ಪುಸ್ತಕವೊಂದು ಮಾತ್ರ ಏಳು ದಿನ ಕಳೆದ ಮೇಲೆ ಬೆಚ್ಚಿಬೀಳುತ್ತದೆ!

ಕಾರ್ಮಿಕ ನಿರೀಕ್ಷಕರನ್ನು ಕರೆಯೋಣವೆ? 2016ರ ತಿದ್ದುಪಡಿಯಂತೆ ಹದಿನಾಲ್ಕರೊಳಗಿನ ಮಗುವನ್ನು ಯಾವ ಉದ್ಯೋಗಕ್ಕೂ ಹಚ್ಚುವಂತಿಲ್ಲ, ನಿಜ. ಶಾಲೆಯ ವೇಳೆ ಬಿಟ್ಟು ಮನೆಯವರಿಗೆ ನೆರವಾಗಬಹುದೆಂಬ ಸಂದೂ ಅಲ್ಲೇ ಇದೆ. ತಮ್ಮನನ್ನು ಎತ್ತಿಕೊಂಡ ಅಕ್ಕ ಯಾವ ದಫ್ತರದಲ್ಲೂ ಕೂಲಿಯವಳಲ್ಲ. ಕೂಸಿನ ಪಾಲನೆ ಇನ್ನೊಂದು ಇಲಾಖೆಯದು. ಊರಿನಲ್ಲಿ ಅಂಗನವಾಡಿ ಇದೆ, 2023ರಿಂದೀಚೆಗೆ ಪಂಚಾಯತಿಗಳ ಕೂಸಿನ ಮನೆಗಳೂ ಬಂದಿವೆ. ಅವು ಊರಿನಲ್ಲಿವೆ, ಕೂಸು ಕಬ್ಬಿನ ಹೊಲದ ಬದುವಿನಲ್ಲಿದೆ.

ತಂದೆತಾಯಿಗಳಿಗೇ ದಂಡ ಹಾಕಿ ಎನ್ನುವ ಮಹಾಶಯರು ನಮ್ಮ ನಗರಗಳಲ್ಲಿ ಬಹಳ. ದಂಡದ ದಾರಿ ನಾವು ಕಾಣದ್ದಲ್ಲ. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯಲ್ಲಿಯೇ ಅದಿತ್ತು. ಮುಂಗಡ ತೀರಿಸಲು ಹೊರಟವನಿಗೆ ದಂಡ ಹಾಕಿದರೆ ಅವನು ಇನ್ನೊಂದು ತಿಂಗಳು ಹೆಚ್ಚು ಕಬ್ಬು ಕಡಿಯುತ್ತಾನೆ, ಅಷ್ಟೆ. ಈ ಮಹಾಶಯರ ಬಡಾವಣೆಯಲ್ಲಿಯೇ, ಮೇಲೇಳುತ್ತಿರುವ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಯಾದಗಿರಿಯ ಹುಡುಗಿಯೊಬ್ಬಳು ತಮ್ಮನನ್ನು ಆಡಿಸುತ್ತ ಕುಳಿತಿರಬಹುದು. ಅವಳ ಶಾಲೆ ಯಾವುದೆಂದು ಒಮ್ಮೆ ಕೇಳಿ ನೋಡಲಿ.

ಹಾಗಾದರೆ ಇಲಾಖೆಗಳಿಂದ ಒಳ್ಳೆಯದು ಆಗಿಯೇ ಇಲ್ಲವೆ? ಆಗಿದೆ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಿಸಿಯೂಟ ಕೊಡಿರೆಂದು ಆಜ್ಞೆಮಾಡಿತು. 2002ರಲ್ಲಿ ನಮ್ಮಲ್ಲಿ ಅಕ್ಷರ ದಾಸೋಹ ಆರಂಭವಾಯಿತು. 2013ರಲ್ಲಿ ಹಾಲೂ ಬಂತು. ಉಗ್ರಾಣದಿಂದ ಅಕ್ಕಿಯ ಮೂಟೆ ಬಂತು, ಹಾಲು ಮಹಾಮಂಡಳದಿಂದ ಹಾಲಿನ ಪುಡಿ ಬಂತು, ಅಡಿಗೆಯವರು ಬಂದರು. ಬಂದವರು ಬರಿಗೈಯಲ್ಲಿ ಬರಲಿಲ್ಲ, ಏನನ್ನೋ ಹೊತ್ತು ತಂದರು.

ಸಮನ್ವಯ ಸಮಿತಿಗಳನ್ನೂ ಇದೇ ಕೊಳಗದಿಂದ ಅಳೆಯೋಣ. ವಲಸೆಯ ಮಕ್ಕಳಿಗೆ ಟೆಂಟು ಶಾಲೆ, ಋತುಮಾನದ ವಸತಿ ಎಂಬ ಏರ್ಪಾಡುಗಳು ಸರ್ವ ಶಿಕ್ಷಾ ಅಭಿಯಾನದ ಕಾಲದಿಂದ ಕಡತದಲ್ಲಿವೆ. ಹಂಗಾಮಿನ ದಿನಾಂಕವನ್ನು ಸಾರುವ ಆಜ್ಞೆಯಲ್ಲಿಯೇ ಯಾವ ಕಾರ್ಖಾನೆಯ ಯಾವ ಬಿಡಾರದಲ್ಲಿ ಟೆಂಟು ಶಾಲೆ ತೆರೆಯತಕ್ಕದ್ದು, ಕೂಸುಗಳನ್ನು ನೋಡುವ ಆಯಾ ಯಾರು, ಖರ್ಚು ಯಾವ ಇಲಾಖೆಯದು ಎಂಬುದೂ ಅಚ್ಚಾಗಲಿ. ಊರಿನಲ್ಲಿಯೇ ಉಳಿಯಬಲ್ಲ ಮಕ್ಕಳಿಗೆ ವಸತಿಯ ಬಾಗಿಲು ಸಂಸಾರ ಹೊರಟ ಮೇಲೆ ತೆರೆದರೆ ಫಲವಿಲ್ಲ; ಮುಕಾದಮ ಮುಂಗಡದ ಹಣ ಎಣಿಸಿ ಕೊಡುವ ಹೊತ್ತಿಗೇ ಅದು ತೆರೆದಿರಬೇಕು.