ಎಣ್ಣೆ ಬೇಡ ಎನ್ನುವ ಗಿರಾಕಿಗೆ ನಾವು ಏನು ಬಡಿಸೋಣ?



ಈಚಿನ ಎರಡು ಮೂರು ವರ್ಷಗಳಿಂದ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಭಾಗದ ನಮ್ಮ ಹೋಟೆಲುಗಳಲ್ಲಿ ಊಟಕ್ಕೆ ಕುಳಿತ ಗಿರಾಕಿಗಳು ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದಾರೆ. "ಅಣ್ಣಾ, ತಳಲೇಲಂ ನಕೋ." ಕರಿದದ್ದು ಬೇಡವಂತೆ. ಆದರೆ ಅನ್ನ ಸಾರಿನ ಜೊತೆ ಏನಾದರೂ ಗರಿಗರಿ ಬೇಕು. ಐರೋಲಿ, ಮಹಾಪೆ, ಘನ್ಸೋಲಿಯ ಕಂಪೆನಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರು ಹೀಗೆ ಹೇಳುವುದು ಹೊಸತಲ್ಲ. ಈಗ ಘೋಡ್‌ಬಂದರ್ ರೋಡಿನ ದೊಡ್ಡ ಕಟ್ಟಡಗಳಿಂದ ಸಂಜೆ ಮೊಮ್ಮಕ್ಕಳ ಕೈ ಹಿಡಿದು ಬರುವ ಅಜ್ಜ ಅಜ್ಜಿಯರೂ ಅದನ್ನೇ ಹೇಳುತ್ತಾರೆ. ಅವರಲ್ಲಿ ಕೆಲವರು ತಮ್ಮ ಮನೆಯಲ್ಲಿ ಏರ್ ಫ್ರೈಯರ್ ಇದೆ, ಅದರಲ್ಲಿ ಬೆಂಡೆಕಾಯಿ ಹೀಗಾಗುತ್ತದೆ, ಸೂರಣ ಹಾಗಾಗುತ್ತದೆ ಎಂದು ನಮಗೇ ಪಾಠ ಹೇಳಿ ಹೋಗುತ್ತಾರೆ. ಮೂವತ್ತು ನಲ್ವತ್ತು ವರ್ಷ ಬಾಣಲೆಯ ಮುಂದೆ ನಿಂತವರಿಗೆ ಇದು ಕೇಳಲು ಸ್ವಲ್ಪ ತಮಾಷೆಯೇ. ಆದರೂ ಕೇಳಬೇಕು. ಮಾತಾಡದೆ ಎದ್ದು ಹೋದ ಗಿರಾಕಿ ಪಕ್ಕದ ಸಲಾಡ್ ಅಂಗಡಿಯಲ್ಲಿ ಕೂರುತ್ತಾನೆ.

2025ರ ಫೆಬ್ರವರಿಯ 'ಮನ್ ಕೀ ಬಾತ್'ನಲ್ಲಿ ಪ್ರಧಾನಿಯವರು ಬೊಜ್ಜಿನ ಬಗ್ಗೆ ಮಾತಾಡಿ, ತಿಂಗಳ ಎಣ್ಣೆಯಲ್ಲಿ ಶೇಕಡಾ 10ರಷ್ಟು ಕಡಿಮೆ ಮಾಡಿ ಎಂದು ಕರೆ ಕೊಟ್ಟ ಮೇಲೆ ಈ ಮಾತು ಇನ್ನೂ ಜೋರಾಗಿದೆ. ಹಾಗಾದರೆ ನಮ್ಮ ಹೋಟೆಲಿಗೆ ಏರ್ ಫ್ರೈಯರ್ ತರಬೇಕೋ ಬೇಡವೋ? ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಊಟದ ಪಕ್ಕಕ್ಕೆ ಬಡಿಸುವ ತರಕಾರಿಗೆ ತರಬಹುದು, ತರಬೇಕು. ಬಾಣಲೆಯ ಜಾಗಕ್ಕೆ ಅದು ಬರಲಾರದು. ಮತ್ತು ಬಾಣಲೆಯ ಎಣ್ಣೆಯನ್ನು ಸರಿಯಾಗಿ ಇಟ್ಟುಕೊಳ್ಳದವರು ಅದನ್ನು ತರಲೇಬಾರದು.

ಈ ಯಂತ್ರ ಏನು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳೋಣ. ಹೆಸರಿನಲ್ಲಿ ಫ್ರೈ ಇದ್ದರೂ ಅದರಲ್ಲಿ ಕರಿಯುವ ಕೆಲಸ ನಡೆಯುವುದಿಲ್ಲ. ಅದೊಂದು ಚಿಕ್ಕ ಓವನ್. ಮೇಲೆ ಬಿಸಿಯಾಗುವ ಕಾಯಿಲ್, ಅದರ ಹತ್ತಿರ ಒಂದು ಫ್ಯಾನ್, ಕೆಳಗೆ ತೂತಿನ ಬುಟ್ಟಿ. ಫಿಲಿಪ್ಸ್ ಕಂಪೆನಿ 2010ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಬಾಣಲೆಯಲ್ಲಿ ಬಿಸಿ ಎಣ್ಣೆ ತರಕಾರಿಯ ಸುತ್ತ ಎಲ್ಲಾ ಕಡೆ ಒಟ್ಟಿಗೆ ತಾಗುತ್ತದೆ, ನೀರು ಗುಳ್ಳೆಯಾಗಿ ಹೊರಗೆ ಬರುತ್ತದೆ, ಮೂರು ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಗಾಳಿ ಎಣ್ಣೆಯಷ್ಟು ಬೇಗ ಶಾಖ ಕೊಡುವುದಿಲ್ಲ. ಆದ್ದರಿಂದ ಅದೇ 180 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೇಕು. ತರಕಾರಿ ಒಂದರ ಮೇಲೊಂದು ಬಿದ್ದಿದ್ದರೆ ಗಾಳಿ ಹೋಗಲು ಜಾಗವಿಲ್ಲದೆ ಬೆಂದು ಮೆತ್ತಗಾಗುತ್ತದೆ. ಗಡಿಬಿಡಿಯಲ್ಲಿ ಬುಟ್ಟಿ ತುಂಬಿಸುವ ಅಡುಗೆಯವರಿಗೆ ಇದನ್ನು ನೂರು ಸಲ ಹೇಳಬೇಕಾಗುತ್ತದೆ.

ನಾವು ನಮ್ಮಲ್ಲಿ ಮಾಡಿ ನೋಡಿದ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ಬರುವುದು ಬೆಂಡೆಕಾಯಿ. ಹಿಂದಿನ ದಿನವೇ ತೊಳೆದು, ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಹರವಿ ಇಡಬೇಕು. ನೀರಿನ ಪಸೆ ಇದ್ದರೆ ಲೋಳೆ ಬಿಡುತ್ತದೆ. ಉದ್ದಕ್ಕೆ ನಾಲ್ಕಾಗಿ ಸೀಳಿ, ದೊಡ್ಡ ಬೀಜ ತೆಗೆದು, ಕಿಲೋಗೆ ಮೂರು ನಾಲ್ಕು ಚಮಚ ಎಣ್ಣೆ, ಅರಿಸಿನ, ಮೆಣಸಿನ ಪುಡಿ, ಆಮ್ಚೂರ್, ಸ್ವಲ್ಪ ಕಡಲೆ ಹಿಟ್ಟು, ಸ್ವಲ್ಪ ಅಕ್ಕಿ ಹಿಟ್ಟು ಹಾಕಿ ಕೈಯಲ್ಲಿ ಹಗುರವಾಗಿ ಹೊರಳಿಸಬೇಕು. ಉಪ್ಪು ಕೊನೆಗೆ, ಬುಟ್ಟಿಯಿಂದ ತೆಗೆದ ಮೇಲೆ. ಮೊದಲೇ ಹಾಕಿದರೆ ನೀರು ಬಿಡುತ್ತದೆ. ನಮ್ಮ ಮೆನುಗಳಲ್ಲಿ ಹಿಂದಿನಿಂದಲೂ ಇರುವ ಕುರ್ಕುರಿ ಭಿಂಡಿಗೂ ಇದಕ್ಕೂ ರುಚಿಯಲ್ಲಿ ವ್ಯತ್ಯಾಸ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ದಾಲ್ ಅನ್ನದ ಜೊತೆ ತಿನ್ನುವವನಿಗೆ ಕೊರತೆ ಅನ್ನಿಸುವುದಿಲ್ಲ. ಎಣ್ಣೆಯೇ ಇಲ್ಲದೆ ಮಾಡಲು ಹೋಗಬೇಡಿ. ಹಿಟ್ಟು ಹಸಿಹಸಿಯಾಗಿ ಬೂದಿ ಬಣ್ಣಕ್ಕೆ ನಿಲ್ಲುತ್ತದೆ, ಗಿರಾಕಿ ಎರಡನೇ ಸಲ ಕೇಳುವುದಿಲ್ಲ.

ಹಾಗಲಕಾಯಿ ತೆಳ್ಳಗೆ ಬಿಲ್ಲೆ ಮಾಡಿದರೆ ಬಹಳ ಚೆನ್ನಾಗಿ ಬರುತ್ತದೆ. ತೊಂಡೆಕಾಯಿಯೂ ಪರವಾಗಿಲ್ಲ. ಸುವರ್ಣಗಡ್ಡೆ, ಬಾಳೆಕಾಯಿಯನ್ನು ಹುಣಸೆ ನೀರಿನಲ್ಲಿ ಅರ್ಧ ಬೇಯಿಸಿ ನೀರು ಬಸಿದು ಸಣ್ಣ ರವೆಯಲ್ಲಿ ಹೊರಳಿಸಬೇಕು. ಮಳೆಗಾಲದಲ್ಲಿ ಮಾಟುಂಗ ಮಾರ್ಕೆಟಿನಿಂದ ಜೀಗುಜ್ಜೆ ತರುವವರು ಅದನ್ನೂ ಹೀಗೆ ಮಾಡಬಹುದು. ಊರಿನ ಗಿರಾಕಿಗಳಿಗೆ ಅದನ್ನು ಬಡಿಸಿದರೆ ಏರ್ ಫ್ರೈಯರ್ ಎಂದು ಹೇಳುವ ಅಗತ್ಯವೂ ಬೀಳುವುದಿಲ್ಲ. ಜೈನ ಗಿರಾಕಿಗಳಿಗೆ ಗಡ್ಡೆ ನಡೆಯುವುದಿಲ್ಲ. ಅವರಿಗೆ ಬಾಳೆಕಾಯಿ ಇದೆ.

ಆಗದ್ದು ಯಾವುದು ಎಂದರೆ, ನೀರು ಹಿಟ್ಟಿನಲ್ಲಿ ಅದ್ದಿ ಬಿಡುವ ಎಲ್ಲವೂ. ಕಾಂದಾ ಭಜಿ, ಬಟಾಟಾ ವಡೆ, ನಮ್ಮ ಮೆಣಸಿನ ಪೋಡಿ. ಬಾಣಲೆಯಲ್ಲಿ ಹಿಟ್ಟು ಬಿದ್ದ ಕ್ಷಣ ಗಟ್ಟಿಯಾಗುತ್ತದೆ, ಇಲ್ಲಿ ತೂತಿನಿಂದ ಕೆಳಗೆ ಸೋರುತ್ತದೆ. ಮೆದು ವಡೆಯನ್ನು ಇದರಲ್ಲಿ ಮಾಡಿಕೊಡುತ್ತೇವೆ ಎಂದು ಯಂತ್ರ ಮಾರುವವರು ತೋರಿಸಬಹುದು. ಅದು ವಡೆಯ ಆಕಾರದ ಇಡ್ಲಿ. ಡೊಂಬಿವಲಿ ಸ್ಟೇಷನ್ನಿನಲ್ಲಿ ಸಂಜೆ ಏಳರ ಲೋಕಲ್ ಇಳಿದು ಬರುವವರಿಗೆ ವಡಾ ಪಾವ್ ಬೇಕು, ಅದು ಬಾಣಲೆಯಿಂದಲೇ ಬರಬೇಕು. ಅಲ್ಲಿಯ ನಮ್ಮ ಬಂಧುಗಳು ಈ ಲೇಖನ ಓದಿ ಯಂತ್ರಕ್ಕೆ ಹಣ ಹಾಕುವ ಅವಸರ ಮಾಡುವುದು ಬೇಡ.

ಇನ್ನು ಲೆಕ್ಕ. ಮನೆಬಳಕೆಯ ಯಂತ್ರ ಸುಮಾರು 1,500 ವ್ಯಾಟ್. ಹದಿನೈದು ನಿಮಿಷಕ್ಕೆ ಒಂದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅದು ದೊಡ್ಡದಲ್ಲ. ತೊಂದರೆ ಇರುವುದು ಬುಟ್ಟಿಯಲ್ಲಿ. ನಾಲ್ಕು ಲೀಟರ್ ಬುಟ್ಟಿಯಲ್ಲಿ ಒಂದು ಸಲಕ್ಕೆ ಪಕ್ಕದ ಪಲ್ಯವಾಗಿ ಮೂರು ನಾಲ್ಕು ತಟ್ಟೆಗೆ ಮಾತ್ರ ಸಾಲುತ್ತದೆ. ಬೆಂಡೆಕಾಯಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇರುವುದರಿಂದ ಒಂದು ಕಿಲೋ ಒಣಗಿ ಗರಿಗರಿಯಾಗುವಾಗ ಅರ್ಧ ಕಿಲೋನೂ ಉಳಿಯುವುದಿಲ್ಲ. ಬೆಲೆ ಹಾಕುವಾಗ ಇದು ನೆನಪಿರಲಿ, ಅದರಲ್ಲೂ ಮಳೆಗಾಲದಲ್ಲಿ ವಾಶಿ ಎಪಿಎಂಸಿಯಲ್ಲಿ ತರಕಾರಿ ದರ ಏರಿದಾಗ. ಮಧ್ಯಾಹ್ನ ಒಂದು ಗಂಟೆಗೆ ನಲ್ವತ್ತು ಥಾಲಿ ಒಟ್ಟಿಗೆ ಹೋಗುವ ಹೋಟೆಲಿನಲ್ಲಿ ಒಂದು ಯಂತ್ರ ಏನು ಮಾಡೀತು? ನಾವು ಹನ್ನೊಂದು ಗಂಟೆಗೇ ಮುಕ್ಕಾಲು ಪಾಲು ಮಾಡಿ, ತಟ್ಟೆಗಳಲ್ಲಿ ಹರವಿ, ಮುಚ್ಚದೆ ಇಡುತ್ತೇವೆ. ಆರ್ಡರ್ ಬಂದಂತೆ ಮೂರು ನಿಮಿಷ ಮತ್ತೆ ಬಿಸಿ ಮಾಡಿ ಕೊಡುತ್ತೇವೆ. ಇದರಿಂದ ಎರಡು ಯಂತ್ರದಲ್ಲಿ ಕೆಲಸ ಸಾಗುತ್ತದೆ.

ಎರಡು ಯಂತ್ರ ಎಂದರೆ 3 ಕಿಲೋವ್ಯಾಟ್ ಲೋಡ್. ಹಳೆಯ ಕಟ್ಟಡಗಳಲ್ಲಿ ಮಿಕ್ಸರ್, ಗ್ರೈಂಡರ್, ಫ್ರಿಜ್ ಎಲ್ಲಾ ಒಂದೇ ಲೈನಿನಲ್ಲಿರುತ್ತವೆ. ಮಹಾವಿತರಣದಿಂದ ಮಂಜೂರಾದ ಲೋಡ್ ಎಷ್ಟು ಎಂದು ಬಿಲ್ಲಿನಲ್ಲಿ ನೋಡಿ, 16 ಆಂಪಿಯರಿನ ಬೇರೆ ಬೇರೆ ಪಾಯಿಂಟ್ ಹಾಕಿಸಿದ ಮೇಲೆ ಯಂತ್ರ ಕೊಳ್ಳಿ. ಎಕ್ಸ್‌ಟೆನ್ಶನ್ ಬೋರ್ಡಿಗೆ ಎರಡನ್ನೂ ಸಿಕ್ಕಿಸುವುದು ಬೆಂಕಿಗೆ ಆಮಂತ್ರಣ ಕೊಟ್ಟಂತೆ. ವಾರಂಟಿ ಕಾರ್ಡನ್ನೂ ಓದಿ. ಮನೆಬಳಕೆಯ ಯಂತ್ರವನ್ನು ವ್ಯಾಪಾರಕ್ಕೆ ಉಪಯೋಗಿಸಿದರೆ ವಾರಂಟಿ ಇಲ್ಲ ಎಂದು ಹೆಚ್ಚಿನವುಗಳಲ್ಲಿ ಬರೆದಿರುತ್ತದೆ. 5 ಶೇಕಡಾ ಜಿಎಸ್‌ಟಿ ಕಟ್ಟುವ ನಮಗೆ ಯಂತ್ರದ ಮೇಲೆ ಕೊಟ್ಟ ತೆರಿಗೆ ವಾಪಸು ಸಿಗುವುದಿಲ್ಲ, ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಿ. ಮದುವೆ, ಮುಂಜಿ, ಕಂಪೆನಿ ಕ್ಯಾಂಟೀನಿನ ಆರ್ಡರ್ ಹಿಡಿಯುವ ಕೇಟರಿಂಗ್ ಬಂಧುಗಳಿಗೆ ಈ ಸಣ್ಣ ಯಂತ್ರ ಆಟದ ಸಾಮಾನು. ಅವರು ಟ್ರೇಗಳಿರುವ ಕನ್ವೆಕ್ಷನ್ ಓವನ್ ಅಥವಾ ಕಾಂಬಿ ಓವನ್ ನೋಡಬೇಕು. ಕೆಲಸ ಒಂದೇ, ಬಿಸಿ ಗಾಳಿ, ಅಳತೆ ಬೇರೆ.

ಯಂತ್ರವೇ ಬೇಡ ಎನ್ನುವವರಿಗೆ ತವಾ ಇದೆ. ಮರಾಠಿ ಮನೆಗಳಲ್ಲಿ ಬದನೆ, ಸೂರಣದ 'ಕಾಪ್' ಮಾಡುತ್ತಾರಲ್ಲ, ಮಸಾಲೆ ಹಚ್ಚಿ ರವೆಯಲ್ಲಿ ಹೊರಳಿಸಿ ಸ್ವಲ್ಪ ಎಣ್ಣೆಯಲ್ಲಿ ತವಾದ ಮೇಲೆ ಕಾಯಿಸುವುದು, ಅದು ಈ ಕಡೆಯ ಗಿರಾಕಿಗೆ ತಾಯಿ ಕೈಯ ರುಚಿ. ನಮ್ಮ ದೋಸೆ ತವಾ ಮಧ್ಯಾಹ್ನದ ಹೊತ್ತು ಅರ್ಧ ಖಾಲಿ ಇರುತ್ತದೆ. ಕಲ್ಯಾಣ್, ಡೊಂಬಿವಲಿಯ ಹಳೆ ಬಡಾವಣೆಗಳಲ್ಲಿ ಕಾಪ್ ಎಂದು ಬೋರ್ಡಿನಲ್ಲಿ ಬರೆದರೆ ಏರ್ ಫ್ರೈಯರ್ ಎಂದು ಬರೆದದ್ದಕ್ಕಿಂತ ಹೆಚ್ಚು ಹೋದೀತು ಎಂದು ನಮ್ಮ ಅಂದಾಜು.

ಬೋರ್ಡಿನ ಮಾತು ಬಂದಾಗ ಒಂದು ಎಚ್ಚರಿಕೆ. 'ಆಯಿಲ್ ಫ್ರೀ', 'ಡಯಾಬಿಟಿಸ್‌ಗೆ ಒಳ್ಳೆಯದು', 'ಹಾರ್ಟ್ ಫ್ರೆಂಡ್ಲಿ' ಎಂದೆಲ್ಲ ಬರೆಯುವುದು ಬೇಡ. ಎಣ್ಣೆ ಹಾಕಿಯೇ ಮಾಡುತ್ತೇವೆ. ಜೊತೆಗೆ ಆಹಾರದ ಬಗ್ಗೆ ಸುಳ್ಳು ಹೇಳಿಕೆ ತಡೆಯಲು ಎಫ್‌ಎಸ್‌ಎಸ್‌ಎಐಯ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮವೇ ಇದೆ. 'ಕಡಿಮೆ ಎಣ್ಣೆಯಲ್ಲಿ ಮಾಡಿದ ಬೆಂಡೆಕಾಯಿ' ಎಂದರೆ ಸಾಕು. ಆಲೂಗಡ್ಡೆಯ ವಿಷಯದಲ್ಲಿ ಇನ್ನೊಂದು ಮಾತು. ಗಡ್ಡೆ, ಧಾನ್ಯಗಳನ್ನು ಒಣ ಶಾಖದಲ್ಲಿ ಹೆಚ್ಚು ಕೆಂಪು ಮಾಡಿದರೆ ಅಕ್ರಿಲಮೈಡ್ ಎಂಬ ಪದಾರ್ಥ ಹುಟ್ಟುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಎಣ್ಣೆಯಾದರೂ ಗಾಳಿಯಾದರೂ ಅದು ಹುಟ್ಟುತ್ತದೆ. ಆಲೂ ಹೋಳುಗಳನ್ನು ನೀರಿನಲ್ಲಿ ನೆನೆಸಿ ಒರೆಸಿ, ಹೊಂಬಣ್ಣಕ್ಕೆ ಬಂದಾಗ ತೆಗೆಯುವುದು ಒಳ್ಳೆಯದು.

ಈಗ ನಿಜವಾದ ವಿಷಯಕ್ಕೆ ಬರುತ್ತೇವೆ. ಇದನ್ನು ಓದಿ ಕೆಲವರಿಗೆ ಬೇಸರವಾದರೂ ಹೇಳಬೇಕು. ಗಿರಾಕಿ ಕರಿದದ್ದು ಬೇಡ ಎನ್ನುವುದು ಕೊಬ್ಬಿನ ಹೆದರಿಕೆಯಿಂದ ಮಾತ್ರ ಎಂದು ನಾವು ತಿಳಿದುಕೊಂಡಿದ್ದೇವೆ. ಅರ್ಧ ಪಾಲು ಅವನು ಹೆದರುವುದು ನಮ್ಮ ಬಾಣಲೆಯ ಕಪ್ಪು ಎಣ್ಣೆಗೆ. ಬಾಗಿಲಲ್ಲಿ ಬಂದಾಗಲೇ ಮೂಗಿಗೆ ಹೊಡೆಯುವ ಆ ಹಳೆ ವಾಸನೆ ಅವನಿಗೂ ಗೊತ್ತಾಗುತ್ತದೆ. ಕಾಯಿಸಿ ಕಾಯಿಸಿ ಕೆಟ್ಟ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ ಎಂಬುದು ಏರುತ್ತಾ ಹೋಗುತ್ತದೆ. ಅದು 25 ಶೇಕಡಾ ದಾಟಿದ ಎಣ್ಣೆಯನ್ನು ಉಪಯೋಗಿಸಬಾರದು ಎಂದು 2018ರ ಜುಲೈ 1ರಿಂದ ಕಾನೂನು ಇದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು 2019ರ ಮಾರ್ಚ್ 1ರಿಂದ ಅದರ ಲೆಕ್ಕ ಬರೆದಿಡಬೇಕು, ಉಳಿದ ಎಣ್ಣೆಯನ್ನು ಒಪ್ಪಿಗೆ ಪಡೆದ ಸಂಸ್ಥೆಗಳಿಗೇ ಕೊಡಬೇಕು. ಆ ಎಣ್ಣೆಯಿಂದ ಬಯೋಡೀಸೆಲ್ ಮಾಡುವ 'ರೂಕೋ' ಯೋಜನೆ 2018ರಲ್ಲೇ ಶುರುವಾಗಿದೆ. ನಮ್ಮಲ್ಲಿ ಹೆಚ್ಚಿನವರು 50 ಲೀಟರಿನ ಒಳಗೇ ಇದ್ದೇವೆ. ಆದರೆ 25ರ ಮಿತಿ ಸಣ್ಣವರಿಗೂ ದೊಡ್ಡವರಿಗೂ ಒಂದೇ.

ಹಾಗಿದ್ದೂ ಏನು ನಡೆಯುತ್ತಿದೆ? 2022ರಲ್ಲಿ ಉಕ್ರೇನ್ ಯುದ್ಧ, ಇಂಡೋನೇಷ್ಯಾದ ಪಾಮ್ ಎಣ್ಣೆ ರಫ್ತು ನಿಷೇಧ ಎಂದು ಡಬ್ಬದ ದರ ಏರಿತು. 2024ರ ಸೆಪ್ಟೆಂಬರಿನಲ್ಲಿ ಆಮದು ಸುಂಕ ಹೆಚ್ಚಿಸಿದಾಗ ಮತ್ತೆ ಏರಿತು. ದರ ಏರಿದಾಗಲೆಲ್ಲ ಎಣ್ಣೆ ಬದಲಿಸುವ ದಿನ ಮುಂದಕ್ಕೆ ಹೋಗುತ್ತದೆ. ಕಡೆಗೆ ಉಳಿದದ್ದನ್ನು ಡಬ್ಬಕ್ಕೆ ಇಷ್ಟು ಎಂದು ಗಾಡಿಯವರಿಗೆ ಮಾರುವವರೂ ಇದ್ದಾರೆ. ಆ ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುವವರು ರಿಕ್ಷಾದವರು, ಕೂಲಿಯವರು, ಶಾಲೆ ಬಿಟ್ಟು ಬರುವ ಮಕ್ಕಳು. ಹೀಗಿರುವಾಗ ಗಲ್ಲಾದ ಪಕ್ಕ ಹೊಳೆಯುವ ಏರ್ ಫ್ರೈಯರ್ ಇಟ್ಟು, ಒಳಗೆ ಆ ಬಾಣಲೆ ಇಟ್ಟುಕೊಳ್ಳುವುದು ಗಿರಾಕಿಯ ಕಣ್ಣಿಗೆ ಮಣ್ಣೆರಚಿದಂತೆ. ಉಡುಪಿ ಹೋಟೆಲ್ ಎಂಬ ಹೆಸರನ್ನು ಹಿರಿಯರು ಗಳಿಸಿದ್ದು ಶುಚಿಯಿಂದ.

ಮಾಡಬೇಕಾದದ್ದು ಕಷ್ಟವಲ್ಲ. ದೊಡ್ಡ ಬಾಣಲೆಯ ಬದಲು ಸಣ್ಣದು ಇಡಿ, ಎಣ್ಣೆ ಕಡಿಮೆ ಹಿಡಿಯುತ್ತದೆ. ಪ್ರತಿ ಪಾಳಿ ಮುಗಿದ ಮೇಲೆ ಆರಿಸಿ ಬಟ್ಟೆಯಲ್ಲಿ ಸೋಸಿ, ತಳದ ಕರಕಲು ತೆಗೆಯಿರಿ. ಕೆಲಸ ಇಲ್ಲದಾಗ ಗ್ಯಾಸ್ ಸಣ್ಣ ಮಾಡದೆ ಆರಿಸಿಯೇ ಬಿಡಿ. ಎಣ್ಣೆಯ ಮಟ್ಟ ನೋಡುವ ಮೀಟರ್ ಒಬ್ಬೊಬ್ಬರಿಗೆ ದುಬಾರಿಯಾದರೆ ಒಂದು ರಸ್ತೆಯ ನಾಲ್ಕು ಹೋಟೆಲಿನವರು ಸೇರಿ ಒಂದು ಕೊಳ್ಳಬಹುದು. ಗರಿಗರಿ ತರಕಾರಿಯ ಒಂದು ಭಾಗ ಗಾಳಿಯ ಯಂತ್ರಕ್ಕೆ ಹೋದರೆ ಬಾಣಲೆಯ ಎಣ್ಣೆಗೂ ಸ್ವಲ್ಪ ಬಿಡುವು ಸಿಗುತ್ತದೆ. ಮಸಾಲೆ, ಹಿಟ್ಟಿನ ಪುಡಿ ಬಿದ್ದಷ್ಟೂ ಎಣ್ಣೆ ಬೇಗ ಕೆಡುವುದು ಎಲ್ಲ ಭಟ್ಟರಿಗೂ ಗೊತ್ತು. ಯಂತ್ರದ ನಿಜವಾದ ಲಾಭ ಇಲ್ಲೇ ಇದೆ ಎಂದು ನಮಗೆ ಅನ್ನಿಸುತ್ತದೆ.

ಅಡುಗೆಮನೆಯ ಹುಡುಗರ ಮಾತೂ ಉಂಟು. ಮೇ ತಿಂಗಳಲ್ಲಿ ಬಾಣಲೆಯ ಮುಂದೆ ನಿಲ್ಲುವವನ ಕಷ್ಟ ಅಲ್ಲಿ ನಿಂತವರಿಗೇ ಗೊತ್ತು. ಊರಿನಿಂದ ಈಗ ಹುಡುಗರು ಬರುವುದಿಲ್ಲ. ಬಿಹಾರ, ಜಾರ್ಖಂಡ್, ನೇಪಾಳದಿಂದ ಬಂದವರು ಎಣ್ಣೆಯ ಹದ ಕಲಿಯುವಷ್ಟರಲ್ಲಿ ಬೇರೆ ಕಡೆ ಹೋಗುತ್ತಾರೆ. 180 ಡಿಗ್ರಿ, ಹದಿಮೂರು ನಿಮಿಷ, ನಡುವೆ ಒಮ್ಮೆ ಬುಟ್ಟಿ ಕುಲುಕು ಎಂದು ಹೇಳಿಕೊಟ್ಟರೆ ಎರಡು ದಿನದಲ್ಲಿ ಕಲಿಯುತ್ತಾರೆ.

ಬೆಲೆಯ ಬಗ್ಗೆ ನಮ್ಮ ಸಲಹೆ ಇಷ್ಟೇ. ಹೊಸ ಹೆಸರು ಕೊಟ್ಟು ಇನ್ನೂರು ರೂಪಾಯಿಯ ಸ್ಟಾರ್ಟರ್ ಮಾಡಬೇಡಿ. ಥಾಲಿಯಲ್ಲಿ ಕರಿದ ಹಪ್ಪಳ, ಪೂರಿ ಬೇಡ ಎನ್ನುವವರಿಗೆ ಸುಟ್ಟ ಹಪ್ಪಳ, ಫುಲ್ಕ, ಒಂದು ಹಿಡಿ ಗರಿಗರಿ ಬೆಂಡೆ ಅಥವಾ ಹಾಗಲ, ಅದೇ ದರಕ್ಕೆ ಕೊಡಿ. ದಿನವೂ ಬರುವ ಗಿರಾಕಿ ಅದಕ್ಕೇ ನಿಲ್ಲುತ್ತಾನೆ. ಪಾರ್ಸೆಲಿಗೆ ಮಾತ್ರ ಬಿಸಿಯಿರುವಾಗ ಮುಚ್ಚಳ ಹಾಕಬೇಡಿ, ಹಬೆಗೆ ಎಲ್ಲಾ ಮೆತ್ತಗಾಗುತ್ತದೆ. ಕಾಗದದ ಚೀಲದಲ್ಲಿ ಬೇರೆಯಾಗಿ ಕೊಟ್ಟರೆ ಐರೋಲಿಯಿಂದ ಘನ್ಸೋಲಿಯವರೆಗೆ ತಡೆಯುತ್ತದೆ. ಜುಲೈಯ ಮಳೆಗೆ ಅದೂ ತಡೆಯುವುದಿಲ್ಲ, ಅದಕ್ಕೆ ಇನ್ನೂ ಉಪಾಯ ಸಿಕ್ಕಿಲ್ಲ. ಯಾರಾದರೂ ಬಂಧುಗಳು ಮಾಡಿ ನೋಡಿದ್ದರೆ ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆದು ಕಳಿಸಿ.